ಉಂಡೀರ ಎಂದ ಉಂದೀರ

ಮುರಗೆಪ್ಪನನ್ನು ಮೊದಲ ಸಲ ಕಂಡ ದಿನ ಅವನು ಮಾರುತಿ ಗುಡಿಯ ಕಟ್ಟೆಯ ಮೇಲೆ ನಿಂತುಕೊಂಡು ಗಣಪತಿಯ ನಾಲ್ಕು ಕೈಗಳಿಗೆ ಕೆಲಸ ಹಂಚುತ್ತಿದ್ದ.

ಅದೊಂದು ಶನಿವಾರದ ಸಂಜೆ. ರಾಯಬಾಗದಿಂದ ಚಿಂಚಲಿಗೆ ಹೋಗುವ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರೊಂದರ ಗಾಲಿ ಕಳಚಿ, ಹಿಂದಿದ್ದ ಬಸ್ಸು ಮುಂದೆ ಹೋಗಲಾರದೆ ನಿಂತಿತ್ತು. ಇಳಿದ ಪ್ರಯಾಣಿಕರು ಪಕ್ಕದ ಊರಿನ ಗುಡಿಗೆ ಬಂದು ನೆರಳಿಗೆ ಕೂತರು. ಅಲ್ಲಿ ದಪ್ಪ ಮೀಸೆಯ, ಸಣ್ಣ ಕಾಲಿನ ಒಬ್ಬ ಮನುಷ್ಯ ನಿಂತಿದ್ದ. ತಲೆಯ ಮೇಲೆ ಬಿಳಿ ಟೊಪ್ಪಿಗೆ, ಹೆಗಲಿಗೆ ಸವೆದ ಚರ್ಮದ ಚೀಲ. ಎದುರಿಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತ ಹುಡುಗ ಹುಡುಗಿಯರು. ಗೋಡೆಗೆ ಗಣಪತಿಯ ಚಿತ್ರವಿರುವ ಹಳೆಯ ಕ್ಯಾಲೆಂಡರು.

"ಗಣಪತಿಗೆ ಕೈ ಎಷ್ಟು?"

"ನಾಕು!"

"ನಿಮಗ ಎರಡು, ಅವಗ್ಯಾಕ ನಾಕು?"

"ಅವ ದೇವರು ಅದಾನ್ರಿ, ಕಂಡಕ್ಟರ್ ಮುತ್ಯಾ."

"ದೇವರಾದ್ರ ಒಂದ ಕೈಲೆ ಎಲ್ಲಾ ಮಾಡಬಹುದಲ್ಲೋ! ನಾಕ ಯಾಕಂದ್ರ, ಅವಂದು ಕಂಡಕ್ಟರ್ ಕೆಲಸ. ಜಗತ್ತು ಅನ್ನೂದೊಂದು ಗಾಡಿ, ಅದಕ್ಕ ಅವನ ಕಂಡಕ್ಟರ್. ಈ ಕೈಯಾಗ ಪಾಶ ಐತಿ ನೋಡ್ರಿ, ಅಂದ್ರ ಹಗ್ಗ. ಹಳೇ ಬಸ್ಸಿನ್ಯಾಗ ತಲಿ ಮ್ಯಾಲ ಗಂಟಿ ಹಗ್ಗ ಇರತಿತ್ತಲ್ಲ, ಅದ. ನೀವು ಕೆಟ್ಟ ಕೆಲಸಕ್ಕ ಹೊಂಟಿದ್ರ ಜಗ್ಗತಾನ, ಗಾಡಿ ನಿಂದರತೈತಿ. ಈ ಕೈಯಾಗ ಅಂಕುಶ. ಟಿಕೀಟಿಗೆ ತೂತ ಹೊಡಿಯು ಇಕ್ಕಳ. ನೀ ಎಲ್ಲಿ ಹತ್ತೀದಿ, ಎಲ್ಲಿ ಇಳೀಬೇಕು, ಎಲ್ಲಾ ತೂತ ಬಿದ್ದಿರತೈತಿ, ತಪ್ಪಿಸಿಕೊಳ್ಳಾಕ ಬರಂಗಿಲ್ಲ. ಮೂರನೇ ಕೈಯಾಗ ಮೋದಕ. ಅದು ಚಿಲ್ಲರ. ಎಲ್ಲಾರ ಕಣ್ಣು ಅದರ ಮ್ಯಾಲ."

"ನಾಕನೇ ಕೈ ಖಾಲಿ ಐತ್ರಿ!" ಎಂದಳು ಮುಂದಿನ ಸಾಲಿನ ಒಬ್ಬ ಹುಡುಗಿ.

"ಖಾಲಿ ಅಲ್ಲಬೇ, ಅದ ಅಭಯ ಹಸ್ತ." ಮುರಗೆಪ್ಪ ತನ್ನ ಅಂಗೈಯನ್ನು ಗಣಪತಿಯ ಹಾಗೆಯೇ ಎತ್ತಿ ಹಿಡಿದ. "'ಅಂಜಬ್ಯಾಡಪಾ, ನಿನ್ನ ಚಿಲ್ಲರ ಇಳಿಯುವಾಗ ಕೊಡ್ತೀನಿ' ಅಂತ ಹೇಳಾಕತ್ತಾನ."

ಕಟ್ಟೆಯ ಮೇಲೆ ಕೂತ ಪ್ರಯಾಣಿಕರೆಲ್ಲ ಒಂದೇ ಸಲಕ್ಕೆ ನಕ್ಕರು. ಇಳಿಯುವಾಗ ಚಿಲ್ಲರೆ ಮರೆತು ಮನೆ ಸೇರದವರು ಅವರಲ್ಲಿ ಯಾರೂ ಇರಲಿಲ್ಲ.

ಆಮೇಲೆ ನಾಮಸ್ಮರಣೆ ಸುರುವಾಯಿತು. ಮುರಗೆಪ್ಪ ಮೊದಲು, ಮಕ್ಕಳು ಹಿಂದೆ. "ಸುಮುಖ! ಏಕದಂತ! ಕಪಿಲ! ಗಜಕರ್ಣ! ಹಪ್ಪಾ! ಲಂಬೋದರ!" ಹಪ್ಪಾ ಎನ್ನುವಲ್ಲಿ ಎಲ್ಲರೂ ಕೂತಲ್ಲಿಯೇ ಒಂದು ಗೇಣು ಮೇಲಕ್ಕೆ ಹಾರಿ ಧೊಪ್ಪನೆ ಕೆಳಗೆ ಬಿದ್ದರು. ಗಣಪತಿಯ ನಾಮಗಳು ದ್ವಾದಶ, ದ್ವಾದಶವೆಂದರೆ ಹನ್ನೆರಡು. ಎಷ್ಟು ಸಲ ಬೆರಳು ಮಡಿಚಿದರೂ ಇಲ್ಲಿ ಹದಿಮೂರಾಗುತ್ತಿತ್ತು.

"ಈ ಹಪ್ಪಾ ಅನ್ನೂದು ಯಾವ ನಾಮಾರಿ?" ಎಂದು ಪ್ರಯಾಣಿಕರೊಬ್ಬರು ಕೇಳಿಯೇಬಿಟ್ಟರು.

"ಅರ್ಥ ಗೊತ್ತಿಲ್ರಿ ಸರ. ಆದ್ರ ನಾ ಕಲತಾಗಿಂದ ಐತಿ."

ಅವನು ಹೇಳಿದ್ದು ನಿಜ. ಮುರಗೆಪ್ಪ ಈ ನಾಮಗಳನ್ನು ಯಾವ ಗುರುವಿನ ಪಾದದ ಬಳಿಯೂ ಕಲಿತವನಲ್ಲ. ಆಯುಷ್ಯವೆಲ್ಲ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರನಾಗಿ ಕೊಗನೊಳ್ಳಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಎಂದು ಕೂಗಿದವನು. ಬೆಳಗಿನ ಮೊದಲ ಗಾಡಿಗೆ ಬೆಲ್ಲದ ವ್ಯಾಪಾರದ ಮುದುಕರೊಬ್ಬರು ದಿನಾಲು ಹತ್ತುತ್ತಿದ್ದರು. ಕೂತೊಡನೆ ಕಣ್ಣು ಮುಚ್ಚಿ ನಾಮ ಹೇಳಲು ತೊಡಗುವರು. ಸರಿಯಾಗಿ ಗಜಕರ್ಣನ ಹೊತ್ತಿಗೆ ಗಾಡಿಯು ಶಾಲೆಯ ಮುಂದಿನ ರಸ್ತೆಯುಬ್ಬನ್ನು ಹತ್ತಿ ಇಳಿಯುವುದು, ಮುದುಕರು ಸೀಟು ಬಿಟ್ಟು ಮೇಲಕ್ಕೆ ಹೋಗಿ "ಹಪ್ಪಾ!" ಎಂದು ಕೆಳಗೆ ಬರುವರು, ಆಮೇಲೆ ಲಂಬೋದರ. ವರ್ಷಗಟ್ಟಲೆ ಟಿಕೀಟು ಹರಿಯುತ್ತ ಕೇಳಿದ ಮುರಗೆಪ್ಪನಿಗೆ ಎಲ್ಲ ಬಾಯಿಪಾಠವಾಯಿತು. ವ್ಯಾಕರಣದ ಪ್ರಕಾರ ಹಪ್ಪಾ ಎಂಬುದು ಭಾವಬೋಧಕ ಅವ್ಯಯ. ಮುರಗೆಪ್ಪನ ಬಾಯಲ್ಲಿ ಅದು ಬಡ್ತಿ ಹೊಂದಿ ನಾಮಪದವಾಯಿತು, ಅದೂ ದೇವರ ನಾಮಪದ.

ನಿವೃತ್ತನಾಗಿ ಮನೆಗೆ ಬಂದ ಮೇಲೆ ಮಾತ್ರ ಕಷ್ಟ ಸುರುವಾಯಿತು. ಅವನಿಗಲ್ಲ, ಅವನ ಹೆಂಡತಿ ರುಕ್ಮವ್ವನಿಗೆ. ಮನೆಗೆ ಬಂದ ಬೀಗರನ್ನು ಅವನು "ಒಳಗ ಸರೀರಿ, ಒಳಗ ಸರೀರಿ, ನಡುವ ಜಾಗಾ ಖಾಲಿ ಐತಿ" ಎಂದು ದೂಡುತ್ತಿದ್ದ. ಹಾಲು ಉಕ್ಕುವ ಮುಂಚೆ ಸೀಟಿ ಊದುತ್ತಿದ್ದ. ರೊಟ್ಟಿ ಬಡಿಯುವವಳ ಬೆನ್ನ ಹಿಂದೆ ನಿಂತು "ರೈಟ್, ಮುಂದಿಂದು" ಎನ್ನುತ್ತಿದ್ದ. ಒಂದು ದಿನ ರುಕ್ಮವ್ವ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ತಿರುಗಿದಳು.

"ನೋಡ್ರಿ, ಇದು ನನ್ನ ಒಲಿ, ನಿಮ್ಮ ಸ್ಟ್ಯಾಂಡ್ ಅಲ್ಲ. ಗುಡಿಗೆ ಹೋಗಿ ಕುಂಡ್ರಿ. ದೀಪಾ ಹಚ್ಚೂತನಕ ಈ ಕಡೆ ಮಾರಿ ತೋರಸಬ್ಯಾಡ್ರಿ."

ಹೀಗೆ ಮುರಗೆಪ್ಪ ಭಕ್ತಿಮಾರ್ಗಕ್ಕೆ ಬಂದ. ಗುಡಿಯಲ್ಲಿ ಮಕ್ಕಳು ಒಂದೇ ಮೊಬೈಲಿನ ಸುತ್ತ ತಲೆ ಸೇರಿಸಿ ಕೂತಿದ್ದರು. ಬೇಸರ ಕಳೆಯಲು ಅವನು ತನ್ನಷ್ಟಕ್ಕೆ ತಾನು ನಾಮ ಹೇಳತೊಡಗಿದ. ತನ್ನಷ್ಟಕ್ಕೆ ಎಂದರೆ, ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಕೇಳುವ ದನಿಯಲ್ಲಿ. ಮೊದಲು ಒಂದು ಆಡು ಬಂದು ನಿಂತಿತು. ಹಪ್ಪಾ ಎನ್ನುತ್ತ ಮುದುಕನು ಹಾರಿದ್ದನ್ನು ಕಂಡ ಮೇಲೆ ಮಕ್ಕಳೂ ಬಂದರು. ಮರುವಾರ ಅವರು ತಂಗಿ ತಮ್ಮಂದಿರನ್ನೂ ಕರೆತಂದರು.

ಗುಡಿಯ ಪಂಚ ಕಮಿಟಿಗೆ ಬಾಪುಸಾಹೇಬ ಹಿರಿಯ. ಕಬ್ಬು, ದ್ರಾಕ್ಷಿ ತೋಟಗಳ ಧಣಿ; ಸಂಪನ್ನ, ಆದರೆ ನಗುವುದರಲ್ಲಿ ಬಹಳ ಕೈಬಿಗಿ. ಅವನು ಒಂದು ಸಂಜೆ ಬಂದು ಕಂಬಕ್ಕೆ ಒರಗಿ ಪಾಠವನ್ನೆಲ್ಲ ಕೇಳಿ ಹೇಳಿದ: "ಮುರಗೆಪ್ಪಾ, ಹುಡುಗರು ಮೊಬೈಲ್ ಬಿಟ್ಟು ದೇವರ ಹೆಸರು ಹೇಳಾಕತ್ತಾರ, ಚಲೋ ಆತು. ಆದ್ರ ದೇವರನ್ನ ಬಸ್ಸಿಗೆ ಹತ್ತಿಸಿದಿ. ಒಂದ, ಒಂದ ತಕರಾರು ನನ್ನ ಮಟಾ ಬರ್ಲಿ, ಕ್ಲಾಸ್ ಬಂದ್."

"ಬರಂಗಿಲ್ರಿ ಸಾವಕಾರ್ರ," ಎಂದ ಮುರಗೆಪ್ಪ. ತಕರಾರು ಬಂದದ್ದು ಬಾಪುಸಾಹೇಬನ ಮನೆಯಿಂದಲೇ.

ಆ ಊರಿನ ಅರ್ಧ ಮನೆಗಳಲ್ಲಿ ಕನ್ನಡ, ಅರ್ಧ ಮನೆಗಳಲ್ಲಿ ಮರಾಠಿ. ಓಣಿಯಲ್ಲಿ ಎರಡೂ ಕಲಸಿದ ಚಿತ್ರಾನ್ನ. ಗಣಪತಿಯ ವಾಹನದ ಪಾಠದ ದಿನ ಮಕ್ಕಳಲ್ಲಿ ಜಗಳ ಹತ್ತಿತು. "ಇಲಿ!" ಎಂದಿತು ಒಂದು ಸಾಲು. "ಉಂದೀರ!" ಎಂದಿತು ಇನ್ನೊಂದು ಸಾಲು; ಮರಾಠಿಯಲ್ಲಿ ಇಲಿಗೆ ಉಂದೀರ ಎನ್ನುತ್ತಾರೆ. ಇಲಿಗಳೂ ಉಂದೀರಗಳೂ ಒಂದರ ಜುಟ್ಟು ಒಂದು ಹಿಡಿಯುವ ಹೊತ್ತಿಗೆ ಕಟ್ಟೆಯ ಮೇಲಿದ್ದ ಹಸನಸಾಬ ಕೆಮ್ಮಿದ. ಹಸನಸಾಬನೆಂದರೆ ಮುರಗೆಪ್ಪನ ಗಾಡಿಯ ಡ್ರೈವರ್ ಆಗಿದ್ದವನು. ಈಗಲೂ ನಮಾಜು ಮುಗಿಸಿ ಸಂಜೆಗೊಮ್ಮೆ ಬಂದು ಗೆಳೆಯನನ್ನು ಕಾಡಿಸಿ ಹೋಗದಿದ್ದರೆ ಅವನಿಗೆ ಅನ್ನ ಇಳಿಯದು.

"ಮುರಗೆಪ್ಪಾ, ನಿಮ್ಮ ಗಣಪತಿ ಕಂಡಕ್ಟರ್ ಅಂತೀ. ಡ್ರೈವರ್ ಯಾರಲೇ?"

ಮುರಗೆಪ್ಪ ಕ್ಯಾಲೆಂಡರು ನೋಡಿದ. ಗಣಪತಿಯನ್ನು ಬಿಟ್ಟರೆ ಅಲ್ಲಿ ಇದ್ದದ್ದು ಇಲಿಯೊಂದೇ.

"ಹೇಳು, ಹೇಳು. ನನ್ನ ಮಾರಿ ಏನ್ ನೋಡ್ತಿ? ಇಲಿನ ಡ್ರೈವರ್. ಸಣ್ಣ ಜೀವ, ದೊಡ್ಡ ಗಾಡಿ, ಮ್ಯಾಲ ಕೂತಾಂವಗ ಮಾತ್ರ ಹಾರಾ ತುರಾಯಿ. ಆಯುಷ್ಯ ಪೂರಾ ನಾ ಅನುಭವಿಸೇನಿ."

ಮಕ್ಕಳು ಕೇಕೆ ಹಾಕಿದರು. ಆದರೆ ಮುರಗೆಪ್ಪನಿಗೆ ಆ ಮಾತಿನಿಂದ ಬೇರೆಯೇ ಒಂದು ನೆನಪಾಯಿತು. ಯಾವ ಊರಿನ ನಿಲ್ದಾಣವೇ ಆಗಲಿ, ಗಾಡಿ ನಿಲ್ಲಿಸಿದೊಡನೆ ಹಸನಸಾಬ ಹಿಂದಕ್ಕೆ ತಿರುಗಿ ಕೇಳುತ್ತಿದ್ದ ಮೊದಲ ಮಾತು "ಉಂಡೀ?" ಎಂದು. ಕಣ್ಣು ಮಿನುಗಿತು, ಸುಳ್ಳು ಹುಟ್ಟುವಾಗ ಮುರಗೆಪ್ಪನ ಕಣ್ಣು ಹಾಗೆ ಮಿನುಗುತ್ತದೆ.

"ಜಗಳಾ ಸಾಕು, ಇಲ್ಲಿ ಕೇಳ್ರಿ. ಅದಕ್ಕ ಉಂದೀರ ಅಂತ ಹೆಸರ ಯಾಕ ಬಂತು ಗೊತ್ತೇನು? ಗಣಪತಿ ದೊಡ್ಡಾಂವ, ಕೆಲಸದಾಗ ಊಟಾ ಮರೀತಾನ. ಅದಕ್ಕ ಇದು ಕಾಲಾಗ ಕೂತು ಮಾರಿ ಎತ್ತಿ ಕೇಳತೈತಿ: 'ಸ್ವಾಮೀ, ಉಂಡೀರ್?' ಕನ್ನಡದಾಗ ಕೇಳತೈತಿ, ಅದರ ಹೆಸರು ಮರಾಠ್ಯಾಗ ಬಿತ್ತು. ಎರಡೂ ಮಂದಿ ಖರೇ. ಇನ್ನ ಮ್ಯಾಲ ನೀವೂ ಅಷ್ಟ. ನಿಮ್ಮ ಊಟಕ್ಕ ಕುಂಡ್ರೂಕಿಂತ ಮೊದಲ ಯಾರರ ಒಬ್ಬರನ್ನ ಕೇಳಬೇಕು, 'ಉಂಡೀರ್?' ಅಂತ. ಅದ ಗಣಪತಿ ಪೂಜಾ."

ದ ಮತ್ತು ಡ ಅಕ್ಷರಗಳ ನಡುವೆ ವರ್ಣಮಾಲೆಯಲ್ಲಿ ಒಂದು ವರ್ಗದಷ್ಟು ಅಂತರವಿದೆ. ಮುರಗೆಪ್ಪ ಅದನ್ನು ಒಂದೇ ಕುಪ್ಪಳಿಕೆಯಲ್ಲಿ ದಾಟಿದ.

ಮಕ್ಕಳು ಈ ಪೂಜೆಯನ್ನು ಮೈಮುರಿದು ಮಾಡಿದರು. ಮಧ್ಯಾಹ್ನವಾದರೆ ಸಾಕು, ಬಾಗಿಲು ಬಾಗಿಲಿಗೆ "ಉಂಡೀರ್? ಉಂಡೀರ್?" ಕೇಳಿಸಿಕೊಂಡವರು ಕರುಳು ಚುರ್ ಎಂದು "ಬಾರ ನನ್ನ ಬಂಗಾರ" ಎಂದು ಒಳಗೆ ಕರೆದು ಒಂದು ಶೇಂಗಾ ಉಂಡಿಯನ್ನೋ ಚಕ್ಕುಲಿಯನ್ನೋ ಕೈಗೆ ಹಾಕುತ್ತಿದ್ದರು. ಪೂಜೆಗೆ ಇಷ್ಟು ಬೇಗ ಫಲ ದೊರೆಯುವುದೆಂದು ತಿಳಿದ ಮೇಲೆ ಕೆಲವರು ಒಂದೇ ಮಧ್ಯಾಹ್ನ ಒಂದು ಓಣಿಯನ್ನೇ ಮುಗಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಇದ್ದವಳು ಪ್ರಾಜಕ್ತಾ. ಗಣಪತಿಯ ನಾಲ್ಕನೆಯ ಕೈ ಖಾಲಿ ಎಂದವಳು ಅವಳೇ. ಬಾಪುಸಾಹೇಬನ ಮಗಳು, ನಾಲ್ಕನೆಯ ಇಯತ್ತೆಯಲ್ಲಿ ಓದುವವಳು.

ಅದೇ ದಿನಗಳಲ್ಲಿ ಬಾಪುಸಾಹೇಬನ ಮನೆಯಲ್ಲಿ ಒಂದು ಮುನಿಸು ನಡೆದಿತ್ತು. ಮುನಿದವಳು ಅವನ ತಾಯಿ ಅಕ್ಕುತಾಯಿ. ತವರು ಗಡಿಯಾಚೆಯ ಕಾಗಲ ಕಡೆ. ಈ ಊರಿನಲ್ಲಿ ಒಂದು ಆಯುಷ್ಯ ಬಾಳಿದ್ದಳು, ಕನ್ನಡ ನೀರಿನಂತೆ ಆಡುತ್ತಿದ್ದಳು. ಆದರೂ ಆಕೆ ಕನಸು ಕಾಣುವುದೂ ಬೆಚ್ಚುವುದೂ ಮರಾಠಿಯಲ್ಲಿ. ಕಿವಿ ಸ್ವಲ್ಪ ಮಂದ, ನೆನಪೂ ಸ್ವಲ್ಪ ಮಂದ. ಪುಂಡಿಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳೆಂದು ಬಾಪುಸಾಹೇಬ "ಆಯಿ, ಇನ್ನ ನೀ ಒಲಿ ಮುಂದ ಬರಬ್ಯಾಡ" ಎಂದುಬಿಟ್ಟ. ಆಕೆ ಎದ್ದು ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಹೊಸ್ತಿಲಲ್ಲಿ ಇಟ್ಟ ತಾಟು ಸಂಜೆಗೆ ಹಾಗೆಯೇ ಮರಳುತ್ತಿತ್ತು. ಬಹಳವಾದರೆ ಅರ್ಧ ರೊಟ್ಟಿ ಕಡಿಮೆ. ಮನೆಯವರಿಗೆ ಗಾಬರಿ. ಚಿಕ್ಕೋಡಿಯಿಂದ ಡಾಕ್ಟರು ಬಂದು ನಾಡಿ ನೋಡಿ, ಮಗನಿಗಿಂತ ತಾಯಿಯ ನಾಡಿಯೇ ಗಟ್ಟಿಯಾಗಿದೆಯೆಂದು ಹೇಳಿ ಹೋದರು. ಉಪವಾಸದಲ್ಲಿ ಮುದುಕಿ ಇಷ್ಟು ತೇಜಸ್ಸಿನಿಂದ ಇರುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಪ್ರಾಜಕ್ತಾ ಓಣಿಯ ಪೂಜೆ ಮುಗಿಸಿ, ಕೊನೆಯ ಶೇಂಗಾ ಉಂಡಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಮನೆಗೆ ಬಂದಳು. ಅಜ್ಜಿಯ ಮುಚ್ಚಿದ ಬಾಗಿಲು ಕಂಡಿತು. ಹತ್ತಿರ ಹೋಗಿ, ಬಾಗಿಲ ಸಂದಿಗೆ ಬಾಯಿಟ್ಟು ಗಟ್ಟಿಯಾಗಿ ಕೇಳಿದಳು.

ಡಕಾರ ಹುಟ್ಟಬೇಕಾದರೆ ನಾಲಿಗೆಯನ್ನು ಮೇಲಕ್ಕೆ ಮಡಿಚಬೇಕು. ಬಾಯಿ ತುಂಬ ಉಂಡಿ ಇದ್ದವರಿಗೆ ನಾಲಿಗೆ ಮಡಿಚಲು ಜಾಗವೆಲ್ಲಿ? ಅದು ಹಲ್ಲಿಗೆ ತಾಗಿತು, ದಕಾರ ಹುಟ್ಟಿತು.

"ಉಂದೀರ್!"

"ಅಗಬಾಯೀ! ಉಂದೀರ! ಉಂದೀರ!" ಒಳಗಿನಿಂದ ಚೀರಾಟ. ಮಂಡಿ ನೋವೆಂದು ಗೋಡೆ ಹಿಡಿದು ನಡೆಯುತ್ತಿದ್ದ ಅಕ್ಕುತಾಯಿ ಮಂಚದ ಮೇಲೆ ಹತ್ತಿ ನಿಂತಿದ್ದಳು. ಆಳುಗಳು ಬಡಿಗೆ ತೆಗೆದುಕೊಂಡು ಬಾಗಿಲು ದೂಡಿ ಒಳಗೆ ಓಡಿಬಂದರು. ಪಕ್ಕದ ಮನೆಯಿಂದ ಬೆಕ್ಕು ಬಂತು. ಬಾಪುಸಾಹೇಬ ತಾನೇ ಮುಂದಾಗಿ ಟ್ರಂಕು ಸರಿಸಿದ, ಕೌದಿಗಳನ್ನು ಜಾಡಿಸಿದ, ಕೊನೆಗೆ ಮಂಚದ ಕೆಳಗೆ ತಲೆ ಹಾಕಿದ. ಇಲಿ ಸಿಗಲಿಲ್ಲ. ಮೂಲೆಯಲ್ಲಿ ಹಳೆಯ ಸೀರೆ ಹೊದ್ದುಕೊಂಡು ಒಂದು ದೊಡ್ಡ ಸ್ಟೀಲ್ ಡಬ್ಬಿ ಕೂತಿತ್ತು. ಮುಚ್ಚಳ ತೆಗೆದರೆ ಬೇಸನ್ ಲಾಡು, ಚಕ್ಕುಲಿ, ಒಂದು ಬೆಲ್ಲದ ಹೆಂಟೆ. ಮುದುಕಿಯ ಉಪವಾಸದ ತೇಜಸ್ಸೆಲ್ಲ ಅದರಲ್ಲಿ ತುಪ್ಪ ಹಚ್ಚಿಕೊಂಡು ಹೊಳೆಯುತ್ತಿತ್ತು.

ನಮ್ಮ ಕಡೆ ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯವನಿಂದಲೇ ಹೆಸರು ಕೆತ್ತಿಸುವುದು ರೂಢಿ. ಲಗ್ನಕ್ಕೋ ಸತ್ಯನಾರಾಯಣ ಪೂಜೆಗೋ ಕಡ ಹೋದ ಪಾತ್ರೆ ಮರಳಿ ಮನೆ ಸೇರಬೇಕಲ್ಲ. ಬಾಪುಸಾಹೇಬ ಡಬ್ಬಿಯನ್ನು ಬೆಳಕಿಗೆ ತಿರುಗಿಸಿದ. ಕಂಠದ ಮೇಲೆ ಚುಕ್ಕೆ ಚುಕ್ಕೆಯ ಅಕ್ಷರ: ಸೌ. ರುಕ್ಮವ್ವ.

ಹಾಗೆ ಕೂಗಲು ಯಾರು ಕಲಿಸಿದರೆಂದು ಮಗಳ ಬಾಯಿ ಬಿಡಿಸಿ, ಡಬ್ಬಿ ಹಿಡಿದುಕೊಂಡೇ ಅವನು ಮುರಗೆಪ್ಪನ ಮನೆಗೆ ಬಂದ. ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದ.

"ಗಂಡ ಇಲಿ ಬಿಡ್ತಾನ, ಹೆಂಡತಿ ಕಾಳ ಹಾಕತಾಳ! ಊರ ಮುಂದ ನನ್ನ ಮನಿ ಮಾನಾ ಹೋತು. ನಾಳಿಂದ ಗುಡ್ಯಾಗ ನಿನ್ನ ಕ್ಲಾಸ್ ಬಂದ್. ಬಂದ್ ಅಂದ್ರ ಬಂದ್."

ಅವನು ಹೋದ ಮೇಲೆ ಮುರಗೆಪ್ಪ ಹೆಂಡತಿಯ ಕಡೆಗೆ ತಿರುಗಿದ.

"ಯಾವಾಗಿಂದ ನಡದೈತಿ ಇದು?"

"ಆಯಿ ಮುನಿಸ ಮಾಡಿದ ಮರುದಿನದಿಂದ. ಹಿತ್ತಲ ಕಿಡಕ್ಯಾಗಿಂದ ಕೊಡ್ತಿದ್ದೆ. ವಯಸ್ಸಾದವರು, ಹಂಗ ಬಿಡಾಕ ಬರತೈತೇನ್ರಿ?"

"ಮತ್ತ ನಾ ಕೇಳಿದ್ರ ಲಾಡು ಮುಗದಾವ ಅಂದಿ!"

"ನೀವು ಮುನಿಸ ಮಾಡಿರಲಿಲ್ಲಲ್ಲ."

ಪಾಠದ ದಿನವಾದ ಮಂಗಳವಾರ ಬಂತು. ಮುರಗೆಪ್ಪ ಗುಡಿಯ ದಾರಿ ಹಿಡಿಯದೆ ಬಸ್ಸು ನಿಲ್ಲುವಲ್ಲಿಗೆ ಹೋಗಿ ಬೇವಿನ ಮರದ ಕೆಳಗೆ ಕೂತ. ಕಂಡಕ್ಟರ್ ಕೆಲಸದಲ್ಲಿ ಒಂದೇ ಒಂದು ಹೊತ್ತು ಅವನಿಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಕೊನೆಯ ಟ್ರಿಪ್ಪು ಮುಗಿದು, ಎಲ್ಲರೂ ಇಳಿದು, ಖಾಲಿ ಸೀಟುಗಳು ಗಡಗಡ ಎನ್ನುತ್ತ ಗಾಡಿ ಡಿಪೋಕ್ಕೆ ಹೋಗುವ ಹೊತ್ತು. ಆ ಹೊತ್ತಿನಲ್ಲಿ ಅವನು ಸೀಟಿನಲ್ಲಿ ಕೂರದೆ ಬಾಗಿಲಲ್ಲೇ ನಿಂತಿರುತ್ತಿದ್ದ. ಈ ಮಕ್ಕಳು ಹತ್ತಿದ ಮೇಲೆ ಅದು ಮರೆತಿತ್ತು. ಈಗ ಗುಡಿಯ ಕಡೆಯಿಂದ ಯಾವ ದನಿಯೂ ಬರುತ್ತಿರಲಿಲ್ಲ.

ಹಸನಸಾಬ ಬಂದು ಪಕ್ಕದಲ್ಲಿ ಕೂತ. ಆ ಸಂಜೆ ಕಾಡಿಸುವುದನ್ನು ಬಿಟ್ಟ. ಅವನ ಪಾಲಿಗೆ ಅದು ದೊಡ್ಡ ತ್ಯಾಗ.

"ನಡಿ," ಎಂದ.

"ಎಲ್ಲಿಗೆ?"

"ಮುದುಕಿ ಕಡೆ. ಬಾಪುಸಾಹೇಬ ಕೇಳೂದು ಆಕಿ ಮಾತ ಒಂದ. ತಪ್ಪಾತು ಅನ್ನು. ಕಾಲ ಹಿಡಿ."

"ಹೊಡದ್ರ?"

"ಹೊಡೀಲಿ. ಮಂಡಿ ನೋವಿದ್ದಾಕಿ, ಎದ್ದ ಬರೂತನಕ ಓಡಾಕ ಟೈಮ್ ಸಿಗತೈತಿ."

ಬಾಪುಸಾಹೇಬನ ಮನೆಯ ಪಡಸಾಲೆಯಲ್ಲಿ ಅಕ್ಕುತಾಯಿಯ ಮಂಚ ಹಾಕಿತ್ತು. ಕೋಣೆಯನ್ನು ಇಲಿಯ ನೆವದಲ್ಲಿ ಇನ್ನೂ ತೊಳೆಯುತ್ತಲೇ ಇದ್ದರು. ಹಸನಸಾಬ ಹೊರಗಿನ ಕಟ್ಟೆಯ ಮೇಲೆ ನಿಂತ. ಮುರಗೆಪ್ಪ ಟೊಪ್ಪಿಗೆ ತೆಗೆದು ಒಳಗೆ ಹೆಜ್ಜೆ ಇಟ್ಟ.

"ಕೋಣ ಆಹೆ? ಯಾರದು?"

"ನಾನ್ರಿ ಆಯಿ. ಮುರಗೆಪ್ಪ."

"ಉಂದೀರವಾಲಾ?"

"ಹೌದ್ರಿ," ಎಂದ ಮುರಗೆಪ್ಪ. ಬೇರೆ ಏನು ಹೇಳುವುದು!

"ಬಾ, ಹಿಂಗ ಬಾ. ನನ್ನ ಬಾಗಲಾಗ ನಿಂತು ಇಲಿ ಅಂತ ಚೀರಬೇಕು ಅಂತ ನಮ್ಮ ಪೋರಗಿಗೆ ನೀನ ಕಲಿಸಿದ್ಯಂತ?"

"ಇಲಿ ಅಂದಿಲ್ರಿ ಆಯಿ. ದೇವರಾಣಿ. 'ಉಂಡೀರ್' ಅಂದಾಳ. ಊಟಾ ಮಾಡೀರೇನು ಅಂತ. ಜೇವಲಾತ ಕಾ, ಅಂತ ಕೇಳ್ಯಾಳ."

ಅಕ್ಕುತಾಯಿ ಮೊಮ್ಮಗಳ ಕಡೆ ನೋಡಿದಳು. ಪ್ರಾಜಕ್ತಾ ಕಂಬದ ಹಿಂದಿನಿಂದ ಅರ್ಧ ಮಾರಿ ಹೊರಗೆ ಹಾಕಿದ್ದಳು.

"ಖರೇನೇನ? ಊಟಾ ಕೇಳಿದಿ?"

"ಹ್ಞೂಂ. ಬಾಯಾಗ ಉಂಡಿ ಇತ್ತು."

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಈ ಮನ್ಯಾಗ ಗುಳಿಗಿ ತಗೊಂಡ್ಯಾ ಅಂತ ಕೇಳ್ತಾರ, ಬಾಗಲಾ ತಗೀ ಅಂತ ಕೂಗ್ತಾರ. ಉಂಡ್ಯಾ ಅಂತ ಒಬ್ಬರೂ ಕೇಳಂಗಿಲ್ಲ," ಎಂದಳು. ಅಡುಗೆ ಮನೆಯಲ್ಲಿ ಸೊಸೆಯ ಕೈಯ ಪಾತ್ರೆಯ ಸಪ್ಪಳ ನಿಂತಿತು. ಬಾಪುಸಾಹೇಬ ಒಳಬಾಗಿಲಿಗೆ ಬಂದು ನಿಂತದ್ದನ್ನು ಮುರಗೆಪ್ಪ ಕಂಡ.

"ಆತು," ಎಂದಳು ಅಕ್ಕುತಾಯಿ. "ನಿನ್ನ ಉಂದೀರ ಗಣಪತಿನ್ನ ಕೇಳತೈತಿ, ಉಂಡೀರ್ ಅಂತ. ಗಣಪತಿ ಏನಂತಾನ?"

ಮುರಗೆಪ್ಪನ ಕಣ್ಣು ಮಿನುಗಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನಿಗೆ ಹೊತ್ತಿಗೊದಗುವ ಸುಳ್ಳೊಂದು ದೊರೆಯಲಿಲ್ಲ. ಇಲಿಯಿಂದ ಪ್ರಶ್ನೆ ಕೇಳಿಸಿದ್ದನೇ ಹೊರತು ಉತ್ತರದ ಯೋಚನೆ ಮಾಡಿರಲಿಲ್ಲ.

"ಅದನ್ನ... ಇನ್ನೂ ಹೇಳಿಕೊಟ್ಟಿಲ್ರಿ ಆಯಿ."

"ಅವಗ ಗೊತ್ತಿಲ್ರಿ," ಎಂದ ಹಸನಸಾಬ ಹೊರಗಿನಿಂದ. "ಚಿಲ್ಲರ ಇದ್ದಂಗ. ಇಳಿಯುವಾಗ ಕೊಡ್ತಾನ."

ಪಡಸಾಲೆಯ ಗೋಡೆಯ ಮೇಲೂ ಒಂದು ಗಣಪತಿಯ ಚಿತ್ರವಿತ್ತು. ಅಕ್ಕುತಾಯಿ ಚಷ್ಮಾ ತರಿಸಿ ಏರಿಸಿಕೊಂಡು, ಪ್ರಾಜಕ್ತಾಳ ಹೆಗಲ ಮೇಲೆ ಕೈಯಿಟ್ಟು ಎದ್ದು, ಹತ್ತಿರ ಹೋಗಿ ಮೂಗು ತಾಗುವಷ್ಟು ಬಾಗಿ ನೋಡಿದಳು. ಮೊದಲು ಇಲಿಯನ್ನು, ಆಮೇಲೆ ಹೊಟ್ಟೆಯನ್ನು, ಆಮೇಲೆ ಮೋದಕದ ಕೈಯನ್ನು.

"ಕೈಯಾಗ ಲಾಡು ಐತಿ," ಎಂದಳು. "ಹೊಟ್ಟಿ ಹಿಂಗ ಐತಿ. ಆದ್ರ ಮಾರಿ ನೋಡು, ಎಷ್ಟ ಸಾಧು. 'ಇಲ್ಲಪಾ, ನಾ ಇನ್ನೂ ಉಂಡಿಲ್ಲ' ಅಂತ ಸುಳ್ಳ ಹೇಳಾಕತ್ತಾನ."

ಆಕೆ ಚಷ್ಮಾ ತೆಗೆದಳು.

"ನನ್ನಂಗ."

ಅಡುಗೆ ಮನೆಯಲ್ಲಿ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡದ್ದು ದನಿಯಿಂದಲೇ ತಿಳಿಯಿತು. ಬಾಪುಸಾಹೇಬ ಗಂಟಲಲ್ಲಿ ಬಂದದ್ದನ್ನು ಕೆಮ್ಮಾಗಿ ಮಾಡಲು ನೋಡಿದ. ಅದು ಮೂಗಿನಿಂದ ನಗೆಯಾಗಿ ಹೊರಗೆ ಬಂತು. ಕಟ್ಟೆಯ ಮೇಲೆ ಹಸನಸಾಬ ತೊಡೆ ತಟ್ಟಿಕೊಂಡ. ಎಲ್ಲರಿಗಿಂತ ಕೊನೆಗೆ ನಕ್ಕವಳು ಅಕ್ಕುತಾಯಿ. ಆದರೆ ನಕ್ಕು ನಕ್ಕು ಮಂಚಕ್ಕೆ ಮರಳಲು ಆಕೆಗೆ ಇಬ್ಬರ ಆಸರೆ ಬೇಕಾಯಿತು.

"ಬಾಪೂ."

"ಏನ ಆಯಿ?"

"ಇವನ ಸಾಲಿ ಬಂದ್ ಮಾಡೀಯಂತ?"

"ಗುಡ್ಯಾಗ ಬಂದ್ ಮಾಡೇನಿ. ಮಂದಿ ಮುಂದ ಆಡಿದ ಮಾತು ಆಯಿ, ತಿರುಗಿ ತಗೋಳಾಕ ಬರಂಗಿಲ್ಲ."

"ತಗೋಬ್ಯಾಡ. ಗುಡಿ ನಿಂದು, ನಿನ್ನ ಕಮಿಟಿದು. ಈ ಪಡಸಾಲಿ ನಿಮ್ಮಪ್ಪ ನನ್ನ ಹೆಸರಲೆ ಕಟ್ಟಿಸ್ಯಾನ. ಮುರಗೆಪ್ಪಾ, ಶನಿವಾರ ಹುಡುಗರನ್ನ ಇಲ್ಲಿಗೆ ಕರಕೊಂಡ ಬಾ. ಆದ್ರ ಒಂದ ಮಾತು. ಉಂಡೀರ್ ಅಂತ ಕೇಳೂದಿದ್ರ ಬಾಗಲಾ ತಗದು, ಬಾಯಾಗಿಂದು ನುಂಗಿ, ನನ್ನ ಮುಂದ ನಿಂತು ಕೇಳಬೇಕು."

ಬಾಪುಸಾಹೇಬ ಸ್ವಲ್ಪ ಯೋಚಿಸಿ, "ಮನ್ಯಾಗ ಬ್ಯಾಡ ಅಂತ ನಾ ಅಂದೇ ಇಲ್ಲ," ಎಂದ. ಮಾತೂ ಉಳಿಯಿತು, ಮಾನವೂ ಉಳಿಯಿತು. ಆ ಸಂಜೆ ಸೊಸೆ ಒಲೆಯ ಮುಂದಿನಿಂದ "ಆಯಿ, ಉಪ್ಪ ಎಷ್ಟ ಹಾಕ್ಲಿ ನೋಡಬರ್ರಿ" ಎಂದು ಕರೆದಳಂತೆ. ಲಾಡು ಉಳಿದಿದ್ದ ಸ್ಟೀಲ್ ಡಬ್ಬಿಯನ್ನು ಅಕ್ಕುತಾಯಿಯ ಮನೆಗೆ ಕೊಟ್ಟು ಬರುವಂತೆ ರುಕ್ಮವ್ವ ಗಂಡನಿಗೆ ಹೇಳಿದಳು. ಅದು ಮರುದಿನ ಕರಿಗಡಬು ತುಂಬಿಕೊಂಡು ಮರಳಿತು. ಖಾಲಿ ಪಾತ್ರೆ ಮರಳಿಸುವ ಪದ್ಧತಿ ಆ ಊರಿನಲ್ಲಿ ಇಲ್ಲ. ಈ ಸಲ ಕರಿಗಡಬು ಮುರಗೆಪ್ಪನಿಗೂ ಸಿಕ್ಕವು.

ಈಗ ಮಂಗಳವಾರ, ಶನಿವಾರ ಸಂಜೆ ಆ ಪಡಸಾಲೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾಮಗಳು ಹದಿಮೂರೇ ಉಳಿದಿವೆ. ಹಪ್ಪಾ ತೆಗೆಯಬೇಕೆಂದು ಒಬ್ಬರು ಹೇಳಿದರು. ಅದೊಂದೇ ನಾಮದಲ್ಲಿ ತನ್ನ ಮಂಡಿ ಸಡಿಲಾಗುತ್ತದೆಯೆಂದು ಅಕ್ಕುತಾಯಿ ಬಿಡಲಿಲ್ಲ. ಆಕೆಯದು ಈಗ ಕೇಳುವ ಕೆಲಸವಲ್ಲ, ಹೇಳುವ ಕೆಲಸ. ಮಂಚದ ಮೇಲೆ ಕೂತು ದೇವರ ಸಂಗತಿಯನ್ನು ತಾನು ತವರಿನಲ್ಲಿ ಕಲಿತ ಹಾಗೆ ಮರಾಠಿಯಲ್ಲಿ ಹೇಳುತ್ತಾಳೆ. ಮುರಗೆಪ್ಪ ಕೆಳಗೆ ಕೂತು ಅದನ್ನು ಕನ್ನಡದಲ್ಲಿ ಹೇಳುತ್ತಾನೆ.

ಹೋದ ವಾರ ಸರಸ್ವತಿಯ ಪಾಠ. ಅಕ್ಕುತಾಯಿ ಹೇಳಿದ್ದು ಒಂದೇ ವಾಕ್ಯ: ಎರಡು ಕೈಯಲ್ಲಿ ವೀಣೆ, ಒಂದರಲ್ಲಿ ಪುಸ್ತಕ, ಒಂದರಲ್ಲಿ ಜಪಮಾಲೆ. ಮುರಗೆಪ್ಪನ ಕನ್ನಡದಲ್ಲಿ ವೀಣೆಯ ತಂತಿ ಹರಿಯಿತು, ಅದನ್ನು ಕಟ್ಟಿಸಲು ಸರಸ್ವತಿ ಮಿರಜಿಗೆ ಹೋದಳು, ದಾರಿಯಲ್ಲಿ ಅರ್ಧ ಟಿಕೀಟು ಕೇಳಿದಳು, ಪುಸ್ತಕ ತೋರಿಸಿ ವಿದ್ಯಾರ್ಥಿ ಪಾಸು ಎಂದಳು. ಅಕ್ಕುತಾಯಿ ಕಣ್ಣು ಸಣ್ಣ ಮಾಡಿ ಕೇಳುತ್ತಿದ್ದಳು.

"ಮುತ್ಯಾ, ಆಯಿ ಹೇಳಿದ್ದು ಇಷ್ಟ ಅಲ್ರಿ?" ಪ್ರಾಜಕ್ತಾ ಎರಡು ಬೆರಳಿನ ನಡುವೆ ಒಂದು ಕಾಳಿನಷ್ಟು ಜಾಗ ತೋರಿಸಿದಳು.

"ಮರಾಠಿ ಮಡಚಿದ ಭಾಷಾ ಬೇ," ಎಂದ ಮುರಗೆಪ್ಪ. "ಬಿಚ್ಚಿದ್ರ ಇಷ್ಟಾಗತೈತಿ."

"ಖೋಟಾರಡಾ!" ಎಂದಳು ಅಕ್ಕುತಾಯಿ. ಸುಳ್ಳುಗಾರ ಎಂದರ್ಥ. ಮುರಗೆಪ್ಪ ಅದನ್ನೂ ಮಕ್ಕಳಿಗೆ ಭಾಷಾಂತರಿಸಿದ: "ಬರೋಬರಿ ಹೇಳಿದಿ ಅಂತಾರ."

ಆ ಮಕ್ಕಳಿಗೆಲ್ಲ ಎರಡೂ ಭಾಷೆ ಬರುತ್ತವೆ. ಆದರೆ ಭಾಷಾಂತರ ಬೇಡವೆಂದು ಇಬ್ಬರಿಗೂ ಇನ್ನೂ ಯಾರೂ ಹೇಳಿಲ್ಲ. ಹೇಳಿದರೆ ಎರಡು ಕತೆಗಳಲ್ಲಿ ಒಂದು ಕಡಿಮೆಯಾಗುತ್ತದೆ.